ಗೇಟಿನ ಪುಸ್ತಕದಲ್ಲಿ ನಮ್ಮ ಮನೆ ನಂಬರು

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಇದ್ದೆವು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಿಮೆಂಟಿನ ಧೂಳು ಕೂತು ಸಂಜೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ನನ್ನ ಗಂಡ ಲೋಕೊ ಪೈಲಟ್. ನಾನು ಚಿತ್ತಾಪುರದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಬ್ಬರೂ ದುಡಿಯುವವರು, ಇನ್ನಾದರೂ ಸ್ವಂತ ಮನೆ ಇರಲಿ ಅನಿಸಿತು. ಶಹಾಬಾದಿನಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಇಪ್ಪತ್ತು ನಿಮಿಷ ಇದೆ ಎನ್ನುವಾಗ ಸಿಗುವ ಒಂದು ಲೇಔಟಿನಲ್ಲಿ ಮನೆ ಕೊಂಡೆವು. ಯುಗಾದಿ ಮುಗಿದ ವಾರ ಸಾಮಾನು ಸಾಗಿಸಿದೆವು.

ಸುತ್ತ ಆಳೆತ್ತರದ ಕಾಂಪೌಂಡು, ಕಮಾನಿನ ಗೇಟು, ಗೇಟಿನ ಪಕ್ಕ ವಾಚ್‌ಮನ್‌ನ ಗಾಜಿನ ಕೋಣೆ. ಒಳಗೆ ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡಗಳು, ಉಯ್ಯಾಲೆ ಇರುವ ಪಾರ್ಕು, ನೀರು ಶುದ್ಧ ಮಾಡುವ ಘಟಕ, ಸಭೆ ನಡೆಸಲು ಒಂದು ಹಾಲ್. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಎಂಜಿನಿಯರುಗಳಿದ್ದರು: ತೆಲುಗಿನವರು, ಒಡಿಶಾದವರು, ರಾಜಸ್ಥಾನದವರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಶಹಾಬಾದಿನ ವ್ಯಾಪಾರಿಗಳಿದ್ದರು. ಮಕ್ಕಳ ಓದಿಗೆಂದು ಮನೆ ಮಾಡಿದ ಚಿಂಚೋಳಿ ಕಡೆಯ ದೊಡ್ಡ ಹೊಲದವರಿದ್ದರು. ಮೂಲೆಮನೆಯಲ್ಲಿ ನಿವೃತ್ತರಾದ ಮುಸ್ಲಿಂ ಡಾಕ್ಟರೊಬ್ಬರಿದ್ದರು. ಮನೆ ತೋರಿಸಲು ಬಂದಿದ್ದ ಏಜೆಂಟು ಇದನ್ನೇ ದೊಡ್ಡದಾಗಿ ಹೇಳಿದ್ದ.

"ನಮ್ಮಲ್ಲಿ ಎಲ್ಲಾ ನಮೂನಿ ಮಂದಿ ಅದಾರ್ರಿ ಮೇಡಂ. ಯಾರೂ ಯಾರನ್ನೂ ಏನೂ ಕೇಳಂಗಿಲ್ಲ."

ನಂಬಬೇಕೆಂಬ ಆಸೆ ಇತ್ತು, ನಂಬಿದೆ. ಮೊದಲ ವಾರದಲ್ಲೇ ಮೂವರು ಕೇಳಿದರು. ಒಬ್ಬರು ಅಡ್ಡಹೆಸರು ಏನೆಂದರು. ಇನ್ನೊಬ್ಬರು ಮನೆದೇವರು ಯಾವುದೆಂದರು. ಮೂರನೆಯವರು ನಮ್ಮ ಮದುವೆ ಯಾವ ಮಂಟಪದಲ್ಲಿ, ಯಾರ ಕೈಯಿಂದ ಆಯಿತೆಂದು ನಗುನಗುತ್ತಾ ಕೇಳಿದರು. ತವರು ಸನ್ನತಿಯ ಹತ್ತಿರ ಎಂದೆ. "ಓ, ಚಂದ್ರಲಾಂಬಾ ತಾಯಿ ಕಡೆಯವರು" ಎಂದು ಅವರು ತಾವೇ ಒಂದು ಉತ್ತರ ಮಾಡಿಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾವು ಬೌದ್ಧರು. ಅಜ್ಜನ ಕಾಲದಲ್ಲಿ ನಮ್ಮ ಕೇರಿ ಊರ ಹೊರಗಿತ್ತು. ಅದನ್ನು ಮುಚ್ಚಿಡುವ ಹಟ ನನಗಿರಲಿಲ್ಲ. ಆದರೆ ನಮ್ಮ ಮನೆಯ ಹಾಲ್‌ನಲ್ಲಿ ಬುದ್ಧನ ಮೂರ್ತಿ ಇಟ್ಟವಳು, ವಾಡಿಯ ಮನೆಯಲ್ಲಿ ಅದರ ಪಕ್ಕದಲ್ಲೇ ಇರುತ್ತಿದ್ದ ನೀಲಿ ಕೋಟು ತೊಟ್ಟು ಸಂವಿಧಾನ ಹಿಡಿದವರ ಫೋಟೊವನ್ನು ಇಲ್ಲಿ ಮಲಗುವ ಕೋಣೆಯಲ್ಲಿ ಹಾಕಿದೆ. ಬರೀ ಬುದ್ಧ ಇದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಲೇಔಟಿನ ಅರ್ಧ ಮನೆಗಳಲ್ಲಿ ಅಲಂಕಾರಕ್ಕೆ ಬುದ್ಧನಿದ್ದ. ಎದುರುಮನೆಯ ಬುದ್ಧ ನಮ್ಮ ಬುದ್ಧನಿಗಿಂತ ಎರಡು ಪಟ್ಟು ಎತ್ತರವಿದ್ದ, ಬೆನ್ನ ಹಿಂದೆ ನೀಲಿ ದೀಪ ಉರಿಯುತ್ತಿತ್ತು.

ಎದುರುಮನೆಯಾಕೆ ಸೇಡಂನ ವ್ಯಾಪಾರಸ್ಥರ ಮನೆಯ ಸೊಸೆ, ನನಗಿಂತ ಐದಾರು ವರ್ಷ ಚಿಕ್ಕವಳು. ಸಾಮಾನಿನ ಲಾರಿ ಬಂದ ದಿನವೇ ಫ್ಲಾಸ್ಕಿನಲ್ಲಿ ಚಹಾ ತಂದವಳು. "ಅಕ್ಕಾ" ಎಂದು ಕೈ ಹಿಡಿದು ಮಾತಾಡುತ್ತಿದ್ದಳು. ಪಕ್ಕದ ಮನೆಯ ಅಮ್ಮನದು ಬೇರೆ ರೀತಿ. ಆಕೆಯ ಗಂಡ ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಲೇಔಟಿನ ಕಮಿಟಿಗೆ ಕಾರ್ಯದರ್ಶಿ. ಆಕೆ ಹಣೆಗೆ ವಿಭೂತಿ ಇಟ್ಟು, ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ಅಂಗಳಕ್ಕೆ ಬಂದವರು ನನ್ನನ್ನು ಕಂಡರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಅವರ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಗೆ ಎದುರಾಗಿತ್ತು. ಭಾನುವಾರ ನಮ್ಮಲ್ಲಿ ಒಲೆ ಹೊತ್ತಿ ಮಸಾಲೆ ಹುರಿಯುವ ಹೊತ್ತಿಗೆ ಆ ಕಿಟಕಿ ಟಪ್ಪೆಂದು ಮುಚ್ಚುತ್ತಿತ್ತು. ಮೊದಲ ಭಾನುವಾರ ಗಾಳಿಗೆ ಮುಚ್ಚಿಕೊಂಡಿತೇನೋ ಅಂದುಕೊಂಡೆ. ನಾಲ್ಕನೆಯ ಭಾನುವಾರದಿಂದ ಎಣಿಸತೊಡಗಿದೆ.

ಮನೆಗೆಲಸಕ್ಕೆ ಬರುತ್ತಿದ್ದವಳು ಕೊಡ್ಲಿ ಎಂಬ ಊರಿನವಳು. ಗಂಡನೊಂದಿಗೆ ಬಂದು, ಲೇಔಟಿನ ಹಿಂದೆ ಹಳೆಯ ಕಲ್ಲಿನ ಖಣಿಯ ದಂಡೆಗೆ ಹಾಕಿಕೊಂಡ ತಗಡಿನ ಮನೆಯಲ್ಲಿ ಇದ್ದಳು. ನಮ್ಮ ಮನೆ, ಪಕ್ಕದ ಮನೆ, ಎದುರುಮನೆ ಮತ್ತು ಆಚೆ ಓಣಿಯ ಎರಡು ಮನೆಗಳಲ್ಲಿ ಪಾತ್ರೆ ಭಾಂಡೆ ತಿಕ್ಕಿ, ಕಸ ಗುಡಿಸುತ್ತಿದ್ದಳು. ನಾನು ಕಾಲೇಜಿನಾಕೆ ಎಂದು ಗೊತ್ತಾದ ಮೇಲೆ ನನ್ನನ್ನು "ಅಕ್ಕೋರೆ" ಎನ್ನುತ್ತಿದ್ದಳು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಒಂದು ಸೋಮವಾರ ಬರಲಿಲ್ಲ. ಮೊಣಕಾಲು ನೋವು, ಇನ್ನು ಆಗುವುದಿಲ್ಲ ಎಂದು ವಾಚ್‌ಮನ್ ಕೈಯಲ್ಲಿ ಹೇಳಿಕಳಿಸಿದಳು. ಅವತ್ತು ನನಗೆ ಕಾಲೇಜಿಗೆ ರಜೆ ಇತ್ತು. ಮೇಲಿನ ಬಾಲ್ಕನಿಯಲ್ಲಿ ನಿಂತವಳಿಗೆ ಆಕೆ ಪಕ್ಕದ ಮನೆಯ ಮೆಟ್ಟಿಲು ಇಳಿಯುವುದು ಕಾಣಿಸಿತು. ಕುಂಟುತ್ತಿರಲಿಲ್ಲ. ನನ್ನನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡು ಬೇಗ ಬೇಗ ನಡೆದಳು.

ಕಿಟಕಿ, ಕೆಲಸದಾಕೆ, ತಲೆಯಾಡಿಸುವುದು ಬಿಟ್ಟು ಮಾತಿಲ್ಲದ್ದು ಎಲ್ಲವನ್ನೂ ಕೂಡಿಸಿ ನೋಡಿದೆ. ಪಕ್ಕದ ಮನೆಯ ಅಮ್ಮನಿಗೆ ನಾವು ಯಾರೆಂದು ಗೊತ್ತಾಗಿದೆ, ಆಕೆಯೇ ಕೆಲಸದಾಕೆಯನ್ನು ಬಿಡಿಸಿದ್ದಾರೆ ಎಂದು ತೀರ್ಮಾನಿಸಿದೆ. ಗಂಡನಿಗೆ ಹೇಳಿದಾಗ ಅವರು ಡ್ಯೂಟಿಗೆ ಹೊರಡುವ ತರಾತುರಿಯಲ್ಲಿದ್ದರು. ಖಾತ್ರಿ ಇಲ್ಲದೆ ಯಾರ ಮೇಲೂ ಹೊರಿಸಬೇಡ ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡರು. ನನಗೆ ಖಾತ್ರಿ ಇತ್ತು.

ನಾಗರ ಪಂಚಮಿಗೆ ಅದೇ ಅಮ್ಮ ಸ್ಟೀಲಿನ ಡಬ್ಬಿಯಲ್ಲಿ ಉಂಡಿ ಕೊಟ್ಟರು, ಶೇಂಗಾದ್ದು, ಎಳ್ಳಿನದು. ಬಾಗಿಲಲ್ಲೇ ನಿಂತು ಕೊಟ್ಟರು, ಒಳಗೆ ಬನ್ನಿ ಎಂದರೆ ಪೂಜೆ ಇದೆ ಎಂದು ಹೋದರು. ಹೊಸ್ತಿಲು ದಾಟಲಿಲ್ಲವೆಂಬುದನ್ನು ಅದೇ ಲೆಕ್ಕಕ್ಕೆ ಸೇರಿಸಿದೆ. ಉಂಡಿಯನ್ನು ಬಾಯಿಗೆ ಇಡಲು ಮನಸ್ಸಾಗಲಿಲ್ಲ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಗೇಟಿಗೆ ಒಯ್ದು ವಾಚ್‌ಮನ್‌ಗೆ ಸುರಿದು ಕೊಟ್ಟೆ. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ನಮ್ಮವ್ವ ಕಲಿಸಿದ್ದಳು, ಸಕ್ಕರೆಯಾದರೂ ಹಾಕಿ ಕೊಡಬೇಕು. ನಾನು ಅಂಗಡಿಯಿಂದ ತಂದ, ಇನ್ನೂ ಬಿಚ್ಚದ ಬಿಸ್ಕತ್ತಿನ ಪ್ಯಾಕೆಟ್ಟು ಇಟ್ಟು ಕೊಟ್ಟೆ. ಅದು ನನ್ನ ಪರೀಕ್ಷೆ. ನನ್ನ ಒಲೆಯದಲ್ಲ, ನನ್ನ ಕೈ ತಾಕಿದ್ದಲ್ಲ, ಈಗ ತಿನ್ನುತ್ತೀರಲ್ಲವೇ ಎಂದು. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ನನ್ನ ಮುಖ ನೋಡಿದರು. "ಆಯ್ತ್ರಿ ಮೇಡಂ" ಎಂದು ಒಳಗೆ ಹೋದರು.

ಇದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಎದುರುಮನೆಯವಳ ಮುಂದೆ. ಜಾತಿಯ ಮಾತು ಬಾಯಲ್ಲಿ ತರುತ್ತಿರಲಿಲ್ಲ, ಪಕ್ಕದ ಮನೆಯವರಿಗೆ ನಾವು ಸೇರುವುದಿಲ್ಲ ಎಂದಷ್ಟೇ ಅನ್ನುತ್ತಿದ್ದೆ. ಆಕೆ ನನ್ನ ಮೊಣಕೈ ಸವರುತ್ತಾ ಕೇಳುತ್ತಿದ್ದಳು. ಹಳೇ ಕಾಲದ ಮಂದಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಿದ್ದಳು. ನನಗೆ ಹಗುರಾಗುತ್ತಿತ್ತು. ಆಕೆ ನಮ್ಮ ಮನೆಯಲ್ಲಿ ಕೂತು ಎಷ್ಟೋ ಸಲ ಮಾತಾಡಿದ್ದಾಳೆ. ಚಹಾ ಮಾತ್ರ ಪ್ರತಿ ಸಲವೂ ಈಗಷ್ಟೇ ಆಯಿತು ಎನ್ನುತ್ತಿದ್ದಳು. ಅದನ್ನು ನಾನು ಎಣಿಸಲೇ ಇಲ್ಲ.

ತೊಗರಿ ಹೂಬಿಡುವ ಹೊತ್ತಿಗೆ ಅಪ್ಪ ಬಂದ. ಆತ ವಯಸ್ಸಿನಲ್ಲಿದ್ದಾಗ ಶಹಾಬಾದಿನ ಖಣಿಗಳಲ್ಲಿ ಫರಸಿ ಸೀಳುತ್ತಿದ್ದವನು. ಈಗ ಊರಲ್ಲಿ ಎರಡು ಎಕರೆ ನೋಡಿಕೊಂಡು ಇದ್ದಾನೆ. ಹೇಳದೆ ಬರುವುದು ಅವನ ರೂಢಿ. ಮಧ್ಯಾಹ್ನ ಹೆದ್ದಾರಿಯಲ್ಲಿ ಬಸ್ಸು ಇಳಿದು, ಹೆಗಲಿಗೆ ಜೋಳದ ಹಿಟ್ಟಿನ ಚೀಲ ಹಾಕಿಕೊಂಡು, ಧೋತರದಲ್ಲಿ ಗೇಟಿಗೆ ನಡೆದುಬಂದಿದ್ದಾನೆ. ವಾಚ್‌ಮನ್ ಆಧಾರ್ ಕಾರ್ಡು ಕೇಳಿದ್ದಾನೆ. ಅದು ಊರಲ್ಲಿತ್ತು. ನಾನು ತರಗತಿಯಲ್ಲಿ ಫೋನು ಮೌನ ಮಾಡಿದ್ದೆ, ಗಂಡ ರೈಲಿನ ಡ್ಯೂಟಿಯಲ್ಲಿದ್ದರು. ನಾಲ್ಕೂವರೆಗೆ ನಾನು ಬಂದಾಗ ಅಪ್ಪ ಗೇಟಿನ ಹೊರಗಿನ ಕಟ್ಟೆಯ ಮೇಲೆ, ಬಿಸಿಲು ಬಂದ ಕಡೆಯಿಂದ ಸರಿದು ಸರಿದು ಕೊನೆಯ ತುದಿಗೆ ಬಂದು ಕೂತಿದ್ದ. ಮೂರು ತಾಸು. ನೀರು ಕೊಟ್ಟಿದ್ದರು, ಕಾಗದದ ಲೋಟದಲ್ಲಿ.

"ಬಿಡವ್ವ," ಅಂದ ಅಪ್ಪ, "ಅವರದೂ ಕೆಲಸ ಅದ. ನನಗೇನ್ ಆಗ್ಯದ? ಬಿಸಲು ಕಾಣದ ಮೈ ಏನು ಇದು?"

ನಾನು ಬಿಡುವ ಸ್ಥಿತಿಯಲ್ಲಿರಲಿಲ್ಲ. ಅಪ್ಪನನ್ನು ಮನೆಗೆ ಕಳಿಸಿ ವಾಚ್‌ಮನ್‌ನ ಗಾಜಿನ ಕೋಣೆಗೆ ಹೋಗಿ ಪುಸ್ತಕ ಕೇಳಿದೆ. ಆತ ಹಿಂದೆಮುಂದೆ ನೋಡಿದ. ನಾನೇ ಎಳೆದುಕೊಂಡು ಹಾಳೆ ತಿರುವಿದೆ. ಅಮೆಜಾನಿನವರು, ಗ್ಯಾಸಿನವರು, ಪ್ಲಂಬರು ಎಲ್ಲರದೂ ಇತ್ತು. ಆದರೆ ನೆಂಟರು ಎಂದು ಬರೆದಿದ್ದ ಕಡೆಯೆಲ್ಲ ಹೆಚ್ಚಾಗಿ ನಮ್ಮ ಮನೆಯ ನಂಬರೇ ಕಾಣಿಸಿತು. ನನ್ನ ತಮ್ಮ ಬಂದದ್ದು, ಗಂಡನ ಅಕ್ಕ ಬಂದದ್ದು, ಗಂಟೆ ನಿಮಿಷದ ಸಮೇತ. ಹಿಂದಿನ ಭಾನುವಾರ ಎದುರುಮನೆಗೆ ಮೂರು ಕಾರುಗಳಲ್ಲಿ ಬಳಗ ಬಂದದ್ದನ್ನು ನಾನೇ ನೋಡಿದ್ದೆ. ಅದು ಎಲ್ಲೂ ಇರಲಿಲ್ಲ. ಯಾರು ಹೀಗೆ ಬರೆಯಲು ಹೇಳಿದ್ದು ಎಂದು ಕೇಳಿದೆ.

"ಮ್ಯಾಲಿಂದ ಹೇಳ್ಯಾರ್ರಿ," ಅಂದ. ಕೈಯಲ್ಲಿ ಪೆನ್ನು ತಿರುಗಿಸುತ್ತಿದ್ದ. "ನನ್ನ ಹೆಸರು ಹೇಳಬ್ಯಾಡ್ರಿ ಮೇಡಂ, ನೌಕ್ರಿ ಹೋಗ್ತದ."

ಹಾಳೆಗಳ ಫೋಟೊ ತೆಗೆದುಕೊಂಡೆ. ಮೇಲಿನವರು ಎಂದರೆ ಕಾರ್ಯದರ್ಶಿ, ಕಾರ್ಯದರ್ಶಿ ಎಂದರೆ ಪಕ್ಕದ ಮನೆ. ಸಂಜೆ ಎದುರುಮನೆಯವಳು ವಿಷಯ ತಿಳಿದು ಓಡಿಬಂದಳು. ಅಪ್ಪನಿಗೆ ಕೈ ಮುಗಿದಳು. ನನ್ನನ್ನು ಪಕ್ಕಕ್ಕೆ ಕರೆದು ಧ್ವನಿ ಇಳಿಸಿದಳು.

"ಅಕ್ಕಾ, ಕಮಿಟಿ ಯಾರ ಕೈಯಾಗ ಅದ ಅಂತ ನಿಮಗ ಗೊತ್ತೇ ಅದ. ನಾ ಏನೂ ಹೇಳಂಗಿಲ್ಲ. ನಮಗ್ಯಾಕ ಬೇಕು?"

ಅಪ್ಪ ಎರಡು ದಿನ ಇದ್ದು ಹೋದ. ಅವನ ಮುಂದೆ ಜಗಳ ಬೇಡವೆಂದು ಸುಮ್ಮನಿದ್ದೆ. ಅವನನ್ನು ಬಸ್ಸಿಗೆ ಹತ್ತಿಸಿದ ಮೇಲೆ, ಪಕ್ಕದ ಮನೆಗೆ ಹೋಗುವ ಮೊದಲು ಕೆಲಸದಾಕೆಯ ಬಾಯಿಂದಲೇ ಮಾತು ತೆಗೆಯಬೇಕು ಅನಿಸಿತು. ಸಾಕ್ಷಿ ಇಟ್ಟುಕೊಂಡೇ ಕೇಳಬೇಕು. ಕಾಂಪೌಂಡಿನ ಹೊರಗಿನಿಂದ ಸುತ್ತಿ ಖಣಿಯ ದಂಡೆಗೆ ಹೋದೆ. ಆ ಕಡೆ ನಾನು ಹೋದದ್ದು ಅದೇ ಮೊದಲು. ಖಣಿಯಲ್ಲಿ ಮಳೆನೀರು ನಿಂತು ಹಸಿರಾಗಿತ್ತು. ಏಳೆಂಟು ತಗಡಿನ ಮನೆಗಳು. ಆಕೆ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಹಿಟ್ಟಿನ ಕೈಯಲ್ಲೇ ಗೋಣಿಚೀಲ ಕೊಡವಿ ಹಾಸಿದಳು.

ಮೊಣಕಾಲು ಹೇಗಿದೆ ಎಂದೆ. ಆಕೆ ತಲೆ ತಗ್ಗಿಸಿದಳು. ನಾನು ಬೈಯಲು ಬಂದಿಲ್ಲ, ಯಾರು ಬಿಡಿಸಿದರು ಎಂದು ಮಾತ್ರ ಹೇಳು ಎಂದೆ. ಪಕ್ಕದ ಮನೆಯವರಲ್ಲವೇ ಎಂದೂ ನಾನೇ ಕೇಳಿಬಿಟ್ಟೆ.

"ಅವರಲ್ರಿ ಅಕ್ಕೋರೆ," ಅಂದಳು. "ಎದುರು ಮನಿಯವ್ರು. ಆ ಮನಿ ಭಾಂಡೆ ಮುಟ್ಟಿದ ಕೈಲೆ ನಮ್ಮ ಅಡಗಿ ಮನಿಗಿ ಬರಬ್ಯಾಡ ಅಂದ್ರು. ಆಚಿ ಓಣಿ ಎರಡು ಮನಿ ಅವರ ಅಕ್ಕತಂಗೇರವು. ಅವರದೊಂದು ಬಿಟ್ರ ಮೂರೂ ಹೋಗ್ತಾವ್ರಿ. ನಾ ಏನ್ ಮಾಡ್ಲಿ?"

ನನ್ನ ಕೈ ಹಿಡಿದು ಮಾತಾಡುವವಳೇ? ನಂಬಲು ಆಗಲಿಲ್ಲ. ಇವಳು ಪಕ್ಕದ ಮನೆಯಲ್ಲಿ ಇನ್ನೂ ಕೆಲಸ ಮಾಡುತ್ತಾಳೆ, ಅಲ್ಲಿಯ ಅಮ್ಮನನ್ನು ಉಳಿಸಲು ಇನ್ನೊಬ್ಬರ ಹೆಸರು ಹೇಳುತ್ತಿರಬಹುದು ಎಂದು ಮನಸ್ಸು ತಕ್ಷಣ ಇನ್ನೊಂದು ದಾರಿ ಹಿಡಿಯಿತು. ಪಕ್ಕದ ಮನೆಯ ಅಮ್ಮ ಏನೆಂದರು ಎಂದು ಕೇಳಿದೆ. ಆಕೆಗೆ ವಿಷಯ ಹೇಳಿದಾಗ, ಎಲ್ಲಿ ಮಾಡುತ್ತೀಯೋ ಮಾಡು, ನನಗೇನು, ಎಂದರಂತೆ. ಕೆಲಸದಾಕೆ ತಟ್ಟೆಯಲ್ಲಿ ಬಿಸಿ ರೊಟ್ಟಿ, ಹಿಂಡಿಪಲ್ಯ ಇಟ್ಟು ನನ್ನ ಮುಂದೆ ಸರಿಸಿದಳು. ತಿಂದೆ. ಆಕೆ ನನ್ನ ಮನೆಯ ಭಾಂಡೆ ಬಿಟ್ಟವಳು, ಆದರೂ ರೊಟ್ಟಿ ಕೊಡುವಾಗ ಅವಳ ಕೈ ಹಿಂಜರಿಯಲಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನನಗೆ ಗೊತ್ತಾಗಲಿಲ್ಲ.

ಮರುದಿನ ಕಾಲೇಜಿನಿಂದ ಬಂದವಳೇ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಮ್ಮ ಒಬ್ಬರೇ ಇದ್ದರು, ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಬರ್ರಿ, ಕುಂದ್ರಿ ಎಂದರು. ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನಿಧಾನವಾಗಿ ನೋಡಿದರು. ನಂತರ ಒಳಗೆ ಹೋಗಿ ಗಂಡನ ಕಡತದಿಂದ ಒಂದು ಹಾಳೆ ತಂದು ನನ್ನ ಕೈಗಿಟ್ಟರು. ನಮ್ಮ ಮನೆ ನಂಬರು ಬರೆದು, ಆ ಮನೆಗೆ ಹೊರಗಿನ ಜನ ಬಹಳ ಬರುತ್ತಾರೆ, ಭದ್ರತೆಯ ದೃಷ್ಟಿಯಿಂದ ಗಮನಿಸಬೇಕು ಎಂಬ ವಿನಂತಿ. ನಾಲ್ಕು ಮನೆಯವರ ಸಹಿ. ಮೊದಲನೆಯದು ಎದುರುಮನೆಯವಳದು, ದುಂಡಗೆ, ಚೆಂದದ ಅಕ್ಷರದಲ್ಲಿ.

"ನಮ್ಮ ಮನಿಯವ್ರು ಬಾಯಿ ಮಾತಿಲೆ ವಾಚ್‌ಮನ್‌ಗ ಹೇಳಿದ್ರು," ಎಂದರು ಅಮ್ಮ. "ಮೀಟಿಂಗಿಗಿ ತಂದ್ರ ಗದ್ದಲ ಆಗ್ತದ ಅಂತ. ನಾನೂ ಬ್ಯಾಡ ಅನಲಿಲ್ಲ. ಅದು ನಮ್ಮ ತಪ್ಪೇ."

ಕಿಟಕಿ ಯಾಕೆ ಮುಚ್ಚುತ್ತೀರಿ ಎಂದು ಕೇಳಿದೆ. ಆ ಮಾತು ಬಾಯಿಗೆ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

"ಮಾಂಸದ ವಾಸನಿ ನನಗ ಆಗಂಗಿಲ್ಲ ತಂಗಿ, ಹೊಟ್ಟಿ ತೊಳಿಸ್ತದ. ಯಾರ ಮನಿದಾದ್ರೂ ಅಷ್ಟೇ." ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿದರು. "ಆದ್ರ ಸುಳ್ಳ್ಯಾಕ ಹೇಳ್ಲಿ, ನೀವು ಬಂದಾಗ ಯಾವ ಮಂದಿ ಅಂತ ನಾನೂ ವಿಚಾರ ಮಾಡಿಸಿದ್ದೆ. ನಮ್ಮ ಧರ್ಮದಾಗ ಅದನ್ನ ಕೇಳಬಾರದು ಅಂತ ದಿನಾ ಓದ್ತೀವಿ. ಆದ್ರೂ ಕೇಳಿದೆ. ಕೇಳಿ ಗೊತ್ತಾದ ಮ್ಯಾಲೇ ಉಂಡಿ ಕೊಟ್ಟೆ. ನೀವು ವಾಚ್‌ಮನ್‌ಗ ಕೊಟ್ರಿ. ಭಾಳ ಚಲೋ ಆಗ್ಯಾವ ಅಂತ ಅವನೇ ಬಂದು ಹೇಳಿದ."

ಅಮ್ಮ ಮೊರ ಬದಿಗಿಟ್ಟು ಚಹಾ ಇಡಲು ಎದ್ದರು. ಕುಡಿದೆ. ಚಹಾ ಕುಡಿಯುತ್ತಾ ಕೂಡ, ಈಗ ಈ ಕಪ್ಪನ್ನು ಎಲ್ಲಿ ಇಡುತ್ತಾರೆ ಎಂದು ನನ್ನ ಕಣ್ಣು ಅವರ ಕೈಯ ಹಿಂದೆಯೇ ಹೋಗುತ್ತಿತ್ತು. ಎಲ್ಲ ಪಾತ್ರೆಗಳ ಜತೆ ಸಿಂಕಿನಲ್ಲೇ ಇಟ್ಟರು. ನಾನು ಹೋದ ಮೇಲೆ ಏನು ಮಾಡಿದರೋ ಎಂಬ ಯೋಚನೆ ನಮ್ಮ ಮನೆಯ ಹೊಸ್ತಿಲು ದಾಟುವವರೆಗೂ ಬಿಡಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಮಿಟಿಯ ಸಭೆ ಇತ್ತು. ಗಂಡ ಅವತ್ತು ರಜೆ ಹಾಕಿ ಜತೆಗೆ ಬಂದರು. ನಾನು ವಿನಂತಿಯ ಹಾಳೆಯ ಮಾತೆತ್ತಲಿಲ್ಲ. ಅದನ್ನು ತೋರಿಸಿದರೆ ಪಕ್ಕದ ಮನೆಯ ಅಮ್ಮ ಗಂಡನಿಂದ ಮಾತು ಕೇಳಬೇಕಾಗುತ್ತಿತ್ತು. ಪುಸ್ತಕದ ಫೋಟೊಗಳನ್ನು ಎಲ್ಲರ ವಾಟ್ಸಾಪ್ ಗುಂಪಿಗೆ ಕಳಿಸಿ, ಬರೆಸುವುದಾದರೆ ಎಲ್ಲರ ನೆಂಟರನ್ನೂ ಬರೆಸಿರಿ, ಇಲ್ಲವಾದರೆ ಯಾರದೂ ಬೇಡ ಎಂದೆ. ಎದುರುಮನೆಯವಳು ಫೋನು ನೋಡುತ್ತಿದ್ದಳು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ಇದು ವಾಚ್‌ಮನ್‌ನ ಕಣ್ತಪ್ಪು ಇರಬಹುದು ಎಂದರು. ಆಗ ಹಿಂದಿನ ಸಾಲಿನಿಂದ ಮೂಲೆಮನೆಯ ಡಾಕ್ಟರು ಎದ್ದರು. ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದರಂತೆ.

"ಇದರಾಗ ಮೂಲಿಮನಿ ನಂಬರೂ ಅದ," ಎಂದರು. "ಈದ್‌ಗಿ ಬಂದ ನಮ್ಮ ಅಳಿಯಂದೂ ಬರ್ಸ್ಯಾರ. ನಾ ಎಲ್ಲರಿಗೂ ಹಿಂಗೇ ಅದ ಅಂತ ತಿಳಕೊಂಡಿದ್ದೆ."

ನಾನು ಆ ಹಾಳೆಗಳನ್ನು ಎಷ್ಟೋ ಸಲ ನೋಡಿದ್ದೆ. ನನ್ನ ಮನೆಯ ನಂಬರು ಹುಡುಕುವ ಭರದಲ್ಲಿ ಅವರದು ಕಣ್ಣಿಗೆ ಬಿದ್ದಿರಲಿಲ್ಲ. ಅವರು ಕೂತ ಮೇಲೆ ಮಾತು ಬೇರೆ ಕಡೆ ತಿರುಗಲು ಅವಕಾಶವಾಗಲಿಲ್ಲ. ಒಡಿಶಾದ ಎಂಜಿನಿಯರೊಬ್ಬರು ಎಲ್ಲರಿಗೂ ಒಂದೇ ನಿಯಮ ಇರಲಿ ಎಂದರು, ಕೆಲವರು ಕೈ ಎತ್ತಿದರು, ಉಳಿದವರು ನೋಡಿ ಎತ್ತಿದರು. ಅಂದಿನಿಂದ ಯಾರೇ ಬಂದರೂ ಪುಸ್ತಕದಲ್ಲಿ ಬರೆಯಬೇಕು, ಮನೆಯವರ ತಂದೆತಾಯಿ ಬಂದರೆ ಬೇಡ. ಎರಡು ವಾರದ ನಂತರ ಎದುರುಮನೆಯವಳ ಅಣ್ಣಂದಿರು ಕಾರು ಇಳಿದು ಗಾಜಿನ ಕೋಣೆಯ ಮುಂದೆ ಬಗ್ಗಿ ಬರೆಯುವುದನ್ನು ಬಾಲ್ಕನಿಯಿಂದ ನೋಡಿದೆ. ಖುಷಿಯಾಯಿತು. ಆಮೇಲೆ ಆ ಖುಷಿಯ ಬಗ್ಗೆ ಅಷ್ಟೇನೂ ಹೆಮ್ಮೆ ಅನಿಸಲಿಲ್ಲ.

ಎದುರುಮನೆಯವಳು ಮಾತು ಬಿಡಲಿಲ್ಲ. ಏನೂ ಆಗಿಲ್ಲವೆಂಬಂತೆ "ಅಕ್ಕಾ" ಎನ್ನುತ್ತಾಳೆ. ಸಹಿಯ ವಿಷಯ ನನಗೆ ಗೊತ್ತೆಂದು ಆಕೆಗೆ ಗೊತ್ತಿದೆಯೋ ಇಲ್ಲವೋ, ನನಗೆ ತಿಳಿಯದು. ಕೆಲಸದಾಕೆ ತಿರುಗಿ ಬರಲಿಲ್ಲ, ನಾನು ಕರೆಯಲೂ ಇಲ್ಲ. ಭಾಂಡೆಯನ್ನು ನಾನೂ ಗಂಡನೂ ಪಾಳಿಯ ಮೇಲೆ ತಿಕ್ಕುತ್ತೇವೆ.

ಸಂಕ್ರಾಂತಿ ಆದ ಮೇಲೆ ಒಂದು ಸಂಜೆ ಎದುರುಮನೆಯವಳು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಎರಡನೇ ಪಿಯುಸಿ, ರಸಾಯನಶಾಸ್ತ್ರದಲ್ಲಿ ಹಿಂದೆ ಬಿದ್ದಿದ್ದಾಳೆ, ಪರೀಕ್ಷೆ ಹತ್ತಿರ ಬಂತು, ನಿಮ್ಮಷ್ಟು ಚೆನ್ನಾಗಿ ಹೇಳಿಕೊಡುವವರು ಇಲ್ಲವಂತೆ ಎಂದಳು. ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹುಡುಗಿಯ ಕೈಯಲ್ಲಿದ್ದ ಪುಸ್ತಕದ ಅಂಚುಗಳೆಲ್ಲ ಮಡಚಿ ಹೋಗಿದ್ದವು, ಓದಿ ಓದಿ ಸೋತ ಪುಸ್ತಕ ಅದು. ನಾಳೆಯಿಂದ ಐದೂವರೆಗೆ ಬಾ ಎಂದೆ.

ದಿನಾ ಬರುತ್ತಾಳೆ. ಜಾಣೆ, ಮೋಲ್ ಲೆಕ್ಕದಲ್ಲಿ ಮಾತ್ರ ಹೆದರುತ್ತಿದ್ದಳು, ಈಗ ಅದೂ ಹೋಗಿದೆ. ಬರುವಾಗ ತಾಯಿ ಒಂದು ನೀರಿನ ಬಾಟಲಿ ಕೊಟ್ಟು ಕಳಿಸುತ್ತಾಳೆ. ಹುಡುಗಿ ಅದನ್ನು ಮೇಜಿನ ಮೇಲಿಟ್ಟು, ಬಾಯಾರಿದಾಗ ತಾನೇ ಎದ್ದು ಹೋಗಿ ನಮ್ಮ ಮಡಕೆಯಿಂದ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿಯುತ್ತಾಳೆ. ಹೋಗುವಾಗ ಬಾಟಲಿಯ ನೀರನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದು, ಖಾಲಿ ಬಾಟಲಿ ಹಿಡಿದುಕೊಂಡು ರಸ್ತೆ ದಾಟುತ್ತಾಳೆ. ಮಡಕೆಯ ನೀರು ತಣ್ಣಗಿರುತ್ತದೆಂದು ಹಾಗೆ ಮಾಡುತ್ತಾಳೋ, ಎಲ್ಲ ತಿಳಿದೇ ಮಾಡುತ್ತಾಳೋ. ಒಂದೆರಡು ಸಲ ಕೇಳಬೇಕೆನಿಸಿತು. ಕೇಳದೆ ಮುಂದಿನ ಲೆಕ್ಕ ಕೊಟ್ಟೆ.